ಉಸಿರು ಕಟ್ಟಿದಲ್ಲೆಲ್ಲ ಕಾಮಾ ಹಾಕಿ

ಒಂದು ಇಂಗ್ಲಿಷ್ ಮೇಲ್ ತೆಗೆದುಕೊಳ್ಳಿ. ಮೇಲಧಿಕಾರಿಗೆ ಬರೆದದ್ದಾದರೆ ಇನ್ನೂ ಒಳ್ಳೆಯದು. ಅದರಲ್ಲಿರುವ ಕಾಮಾಗಳನ್ನೆಲ್ಲ ಅಳಿಸಿ. ಈಗ ಎದ್ದು ನಿಂತು, ಪಕ್ಕದ ಟೇಬಲ್ಲಿನವರಿಗೆ ಕೇಳುವಷ್ಟು ಗಟ್ಟಿಯಾಗಿ ಓದಿ. ಎಲ್ಲಿ ಉಸಿರು ಕಟ್ಟುತ್ತದೋ ಅಲ್ಲೊಂದು ಕಾಮಾ ಹಾಕಿ. ಮುಗಿಯಿತು. ವ್ಯಾಕರಣದವರು ಪುಟಗಟ್ಟಲೆ ಬರೆದು ಕಲಿಸಲು ಒದ್ದಾಡುವುದನ್ನು ನಿಮ್ಮ ಶ್ವಾಸಕೋಶ ಅರೆ ನಿಮಿಷದಲ್ಲಿ ಮಾಡಿಕೊಡುತ್ತದೆ.

ಈ ವಿಧಾನದಲ್ಲಿ ದೇಹಸ್ಥಿತಿಯೇ ವ್ಯಾಕರಣ. ದಿನಾ ಪ್ರಾಣಾಯಾಮ ಮಾಡುವವರಾದರೆ ಪ್ಯಾರಾಗೆ ಒಂದು ಕಾಮಾ ಧಾರಾಳವಾಯಿತು. ನೆಗಡಿಯಾಗಿದ್ದರೆ ಪದಕ್ಕೊಂದು ಬೀಳಲಿ, ಸಂಕೋಚ ಬೇಡ. ಲಿಫ್ಟ್ ಕೆಟ್ಟ ದಿನ ನಾಲ್ಕು ಮಹಡಿ ಹತ್ತಿ ಬಂದವರು ಕುರ್ಚಿಗೆ ಬಿದ್ದ ಕೂಡಲೇ ಬರೆಯಿರಿ. ಆವತ್ತಿನ ಮೇಲ್ ಓದಿದವರಿಗೂ ಏದುಸಿರು ಬರಬೇಕು.

ಯಾರಾದರೂ ಪ್ರಶ್ನಿಸಿದರೆ ಹೆದರಬೇಡಿ, ಪರಂಪರೆ ನಿಮ್ಮ ಕಡೆಗಿದೆ. ಕ್ರಿಸ್ತಪೂರ್ವ 200ರ ಆಸುಪಾಸಿನಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಬೈಜಾಂಟಿಯಮ್‌ನ ಅರಿಸ್ಟೊಫೇನಿಸ್ ಎಂಬ ಪಂಡಿತ, ಪದಗಳ ನಡುವೆ ಜಾಗವೂ ಇಲ್ಲದೆ ಒತ್ತಾಗಿ ಬರೆದ ಗ್ರೀಕ್ ಗ್ರಂಥಗಳನ್ನು ಗಟ್ಟಿಯಾಗಿ ಓದುವವರಿಗೆ ಅನುಕೂಲವಾಗಲೆಂದು ಮೂರು ಎತ್ತರಗಳಲ್ಲಿ ಚುಕ್ಕೆ ಇಡುವ ಪದ್ಧತಿ ತಂದ. ಸ್ವಲ್ಪ ನಿಲ್ಲುವುದಕ್ಕೊಂದು, ಇನ್ನಷ್ಟು ನಿಲ್ಲುವುದಕ್ಕೊಂದು, ಪೂರಾ ನಿಲ್ಲುವುದಕ್ಕೊಂದು. ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು 'ಕಾಮಾ ಬಂದ್ರೆ ಒಂದು ಎಣಿಸು, ಫುಲ್‌ಸ್ಟಾಪ್ ಬಂದ್ರೆ ಎರಡು ಎಣಿಸು' ಎಂದು ಹೇಳಿಕೊಟ್ಟದ್ದು ಇದೇ ವಿದ್ಯೆ. 1490ರ ದಶಕದಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನುಷಿಯಸ್ ಹಳೆಯ ಓರೆಗೆರೆಯನ್ನು ಸಾಲಿನ ಬುಡಕ್ಕೆ ಇಳಿಸಿ, ಬಾಲ ಬಗ್ಗಿಸಿ, ಈಗ ಕಾಣುವ ರೂಪ ಕೊಟ್ಟ. ಆಮೇಲೆ ಜನ ಗಟ್ಟಿಯಾಗಿ ಓದುವುದು ಬಿಟ್ಟು ಕಣ್ಣಲ್ಲೇ ಓದತೊಡಗಿದರು. ಕಾಮಾ ಉಸಿರನ್ನು ತೋರಿಸಿದರೆ ಸಾಲದು, ವಾಕ್ಯದ ಕೀಲು ಎಲ್ಲಿದೆ ಎಂದು ತೋರಿಸಬೇಕು ಎಂದು ಇಂಗ್ಲಿಷಿನ ವ್ಯಾಕರಣಕಾರರು ಹಟ ಹಿಡಿದರು. ಅಲ್ಲಿಂದಾಚೆಗಿನ ಬೆಳವಣಿಗೆಗಳನ್ನು ನೀವು ತಿಳಿಯಬೇಕಾಗಿಲ್ಲ.

ಕನ್ನಡದವರಿಗೆ ಈ ಅಜ್ಞಾನವನ್ನು ಕಾಪಾಡಿಕೊಳ್ಳುವುದು ಸುಲಭ. 'ನಾಯಿ ಹುಡುಗನನ್ನು ಕಚ್ಚಿತು' ಎಂದರೂ ಒಂದೇ, 'ಹುಡುಗನನ್ನು ನಾಯಿ ಕಚ್ಚಿತು' ಎಂದರೂ ಒಂದೇ, ಇಂಜೆಕ್ಷನ್ ಹುಡುಗನಿಗೇ. ವಿಭಕ್ತಿ ಪ್ರತ್ಯಯ ದುಡಿಯುತ್ತದೆ, ಕಾಮಾ ಜಗಲಿಯ ಮೇಲೆ ಕೂತು ನೋಡುತ್ತದೆ. ಇಂಗ್ಲಿಷಿನಲ್ಲಿ ಪ್ರತ್ಯಯಗಳು ಬಹುಪಾಲು ಸವೆದುಹೋಗಿ, ಯಾವ ಪದ ಎಲ್ಲಿ ನಿಂತಿದೆ ಎಂಬುದರ ಮೇಲೇ ಅರ್ಥ ನಿಂತಿದೆ. ಅಲ್ಲಿ ಕಾಮಾ ಒಂದು ಪದ ಆಚೀಚೆಯಾದರೆ ಕೆಲಸ ಮಾಡಿದವನು ಬೇರೆ, ಸಂಬಳ ಪಡೆದವನು ಬೇರೆ ಆಗುತ್ತಾನೆ. ಇದನ್ನು ಒಮ್ಮೆ ಓದಿ, ಮರೆತುಬಿಡಿ. ಮುಂದಿನ ಪಾಠಗಳಿಗೆಲ್ಲ ಈ ಮರೆವೇ ಅಡಿಪಾಯ.

ಮೊದಲು ವಾಕ್ಯದ ಬಾಗಿಲಲ್ಲಿ ನಿಲ್ಲುವ ಪದಗುಚ್ಛಗಳನ್ನು ನೋಡಿಕೊಳ್ಳಿ. ಮಗಳ ಮದುವೆ ಮುಗಿದ ಮೇಲೆ ಅಮೆರಿಕದ ನೆಂಟರಿಗೆ ವರದಿ ಕಳಿಸುತ್ತಿದ್ದೀರಿ ಎಂದುಕೊಳ್ಳಿ. ಊಟವಾದ ಮೇಲೆ ಅತಿಥಿಗಳು ಮನೆಗೆ ಹೋದರು ಎಂದು ಹೇಳಬೇಕು. 'ಆಫ್ಟರ್ ಈಟಿಂಗ್ ದಿ ಗೆಸ್ಟ್ಸ್ ವೆಂಟ್ ಹೋಮ್' ಎಂದು ಬರೆಯಿರಿ. 'ಈಟಿಂಗ್' ಆದ ಮೇಲೆ ಕಾಮಾ ಹಾಕುವ ಚಪಲ ಬಂದರೆ ಕೈ ಹಿಂದಕ್ಕೆಳೆದುಕೊಳ್ಳಿ. ಓದುವವರು 'ಗೆಸ್ಟ್ಸ್' ತನಕ ಬರುವಷ್ಟರಲ್ಲಿ ನೀವು ಅತಿಥಿಗಳನ್ನೇ ತಿಂದು ಮುಗಿಸಿರುತ್ತೀರಿ. 'ವೆಂಟ್' ಕಂಡ ಮೇಲೆ ಅವರು ಹಿಂದಕ್ಕೆ ಓಡಿ ಅಷ್ಟೂ ಜನರನ್ನು ಬದುಕಿಸಿ ಮನೆಗೆ ಕಳಿಸಬೇಕು. ಒಂದೇ ವಾಕ್ಯವನ್ನು ಎರಡು ಸಲ ಓದಿಸುವ ಲೇಖಕನಿಗೆ ನಮ್ಮಲ್ಲಿ ಯಾವಾಗಲೂ ಗೌರವವಿದೆ.

ಕಾಮಾ ನಿಜಕ್ಕೂ ಬೇಡದ ಪುಟ್ಟ ಪದಗಳ ಪಕ್ಕದಲ್ಲಿ ಉಳಿತಾಯವಾದದ್ದನ್ನೆಲ್ಲ ಖರ್ಚು ಮಾಡಿ. 'ಟುಡೇ, ಐ, ಆಮ್, ಆನ್ ಲೀವ್' ಎಂದರೆ ಕಾಯಿಲೆ ತಾನೇ ತಾನಾಗಿ ಸಾಬೀತಾಗುತ್ತದೆ. ಮೆಡಿಕಲ್ ಸರ್ಟಿಫಿಕೇಟ್ ಕೇಳುವ ಧೈರ್ಯ ಯಾರಿಗೂ ಬರದು.

ಮುಂದೆ 'ಇಂಗ್' ಬಾಲದ ಗುಚ್ಛಗಳು. ಇವು ವಾಕ್ಯದ ಕೊನೆಗೆ ಬಂದಾಗ ಕಾಮಾ ಇಲ್ಲದಿದ್ದರೆ ಪಕ್ಕದ ಹೆಸರಿಗೆ ಅಂಟಿಕೊಳ್ಳುತ್ತವೆ, ಕಾಮಾ ಬಿದ್ದರೆ ಅದನ್ನು ಬಿಟ್ಟು ವಾಕ್ಯದ ಕರ್ತೃವಿನ ಹೆಗಲೇರುತ್ತವೆ. ಅಪಾರ್ಟ್‌ಮೆಂಟಿನ ಕಾವಲುಗಾರ ರಾತ್ರಿ ಪಾಳಿಯಲ್ಲಿ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ ಎಂದು ಏಜೆನ್ಸಿಗೆ ದೂರು ಕೊಡಬೇಕೇ? 'ಐ ಫೌಂಡ್ ದಿ ವಾಚ್‌ಮನ್, ಸ್ಲೀಪಿಂಗ್ ಇನ್ ದಿ ಚೇರ್' ಎಂದು ಬರೆಯಿರಿ. 'ವಾಚ್‌ಮನ್' ಆದ ಮೇಲೆ ಸಿಟ್ಟಿಗೆ ಸಹಜವಾಗಿ ಉಸಿರು ನಿಲ್ಲುತ್ತದೆ, ಅಲ್ಲೇ ಕಾಮಾ ಇಡಿ. ಈಗ ಕುರ್ಚಿಯಲ್ಲಿ ಮಲಗಿರುವವರು ನೀವು. ನಿದ್ದೆಯಲ್ಲಿದ್ದುಕೊಂಡೇ ಕಾವಲುಗಾರನನ್ನು ಪತ್ತೆ ಹಚ್ಚಿದ್ದೀರಿ. ಏಜೆನ್ಸಿಯವರು ಪತ್ರ ಓದಿ ಅವನಿಗೆ ಬಹುಮಾನ ಕೊಟ್ಟರೆ ಆಕ್ಷೇಪಿಸಬೇಡಿ.

ಅದೇ ಗುಚ್ಛ ವಾಕ್ಯದ ಮೊದಲಿಗೆ ಬಂದರೆ ತಂತ್ರ ಬದಲಿಸಿ. ಇಲ್ಲಿ ಕಾಮಾವನ್ನು ನಿಯಮದಂತೆ, ಕರಾರುವಾಕ್ಕಾಗಿ ಹಾಕಿ. ಆಮೇಲೆ ತಪ್ಪು ಮನುಷ್ಯನನ್ನು ತಂದು ನಿಲ್ಲಿಸಿ. 'ಹ್ಯಾಂಗಿಂಗ್ ಫ್ರಮ್ ದಿ ಸೀಲಿಂಗ್, ದಿ ಮಿನಿಸ್ಟರ್ ಸಾ ದಿ ಓಲ್ಡ್ ಫ್ಯಾನ್.' ಕಾಮಾದಲ್ಲಿ ದೋಷ ಹುಡುಕಿದರೂ ಸಿಗದು. ಚಾವಣಿಯಿಂದ ನೇತಾಡುತ್ತಿರುವವರು ಮಾತ್ರ ಮಂತ್ರಿಗಳು. ವರದಿ ಪತ್ರಿಕೆಯಲ್ಲಿ ಬಂದ ಮೇಲೆ ವಾರ್ತಾ ಇಲಾಖೆಯಿಂದ ಕರೆ ಬಂದರೆ, ಕಾಮಾ ಸರಿಯಾಗಿದೆ ಎಂಬ ಒಂದೇ ಮಾತಿಗೆ ಅಂಟಿಕೊಳ್ಳಿ.

ತನ್ನದೇ ಕರ್ತೃವನ್ನು ಕಟ್ಟಿಕೊಂಡು ಬರುವ ಗುಚ್ಛಗಳೂ ಇವೆ. ಲಿಫ್ಟ್ ಕೆಟ್ಟಿದ್ದರಿಂದ ಮೆಟ್ಟಿಲು ಹತ್ತಿದೆವು ಎನ್ನಲು 'ದಿ ಲಿಫ್ಟ್, ಬೀಯಿಂಗ್ ಔಟ್ ಆಫ್ ಆರ್ಡರ್, ವಿ ಟುಕ್ ದಿ ಸ್ಟೇರ್ಸ್' ಎಂದು ಬರೆಯಿರಿ. 'ಲಿಫ್ಟ್' ಆದ ಮೇಲಿನ ಕಾಮಾ ಅನವಶ್ಯಕ ಎನ್ನುತ್ತಾರೆ. ಹಾಕಿದರೆ ಲಿಫ್ಟ್ ಕ್ರಿಯಾಪದವಿಲ್ಲದೆ ವಾಕ್ಯದ ನಡುವೆ ಸಿಕ್ಕಿಹಾಕಿಕೊಳ್ಳುತ್ತದಂತೆ. ಕೆಟ್ಟ ಲಿಫ್ಟ್ ಇನ್ನೆಲ್ಲಿ ನಿಲ್ಲಬೇಕು ಎಂದು ಅವರನ್ನೇ ಕೇಳಿ.

ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಒಂಟಿ ಕಾಮಾ ಬರಕೂಡದು ಎಂಬುದು ಇಂಗ್ಲಿಷಿನ ಅತಿ ಕಟ್ಟುನಿಟ್ಟಿನ ನಿಯಮಗಳಲ್ಲಿ ಒಂದು. ಆದ್ದರಿಂದ ತಪ್ಪದೆ ಹಾಕಿ. 'ದಿ ಪ್ರಿನ್ಸಿಪಾಲ್ ಆಫ್ ಅವರ್ ಕಾಲೇಜ್, ಹ್ಯಾಸ್ ಡಿಕ್ಲೇರ್ಡ್ ಎ ಹಾಲಿಡೇ.' ದೊಡ್ಡವರು ಎದುರಾದಾಗ ಬದಿಗೆ ಸರಿದು ನಿಲ್ಲುವುದು ನಮ್ಮ ನಡವಳಿಕೆ. ಕಾಮಾವೂ ಹಾಗೇ ನಿಲ್ಲಲಿ. ಸ್ಥಾನಕ್ಕೆ ತಕ್ಕಂತೆ ಸಂಖ್ಯೆ ಇರಲಿ. ಪ್ರಿನ್ಸಿಪಾಲರಿಗೆ ಒಂದು, ಕುಲಪತಿಗಳಿಗೆ ಎರಡು. ಗುಮಾಸ್ತನ ಹೆಸರಿನ ನಂತರ ನೇರ ಕ್ರಿಯಾಪದಕ್ಕೆ ಹೋಗಿ.

ಇನ್ನು ಕುಟುಂಬದ ವಿಚಾರಕ್ಕೆ ಬರೋಣ. ಒಂದು ನಾಮಪದದ ಪಕ್ಕದಲ್ಲೇ ಅದರ ಇನ್ನೊಂದು ಹೆಸರು ಬಂದು ಕೂರುವುದುಂಟು: 'ಮೈ ಬ್ರದರ್ ರಾಜು', 'ಮೈ ವೈಫ್ ಸರೋಜಾ'. ಇಲ್ಲಿ ಕಾಮಾಗಳು ಜನಗಣತಿ ಮಾಡುತ್ತವೆ. ಹೆಸರಿನ ಎರಡೂ ಬದಿಗೆ ಕಾಮಾ ಇದ್ದರೆ ಅಂಥವರು ಒಬ್ಬರೇ, ಹೆಸರು ಬರಿಯ ಹೆಚ್ಚುವರಿ ಮಾಹಿತಿ. ಕಾಮಾ ಇಲ್ಲದಿದ್ದರೆ ಅಂಥವರು ಹಲವರಿದ್ದಾರೆ, ಯಾರು ಎಂದು ಗುರುತಿಸಲು ಹೆಸರು ಬೇಕಾಯಿತು. ಹೆಂಡತಿಯನ್ನು ಕರೆದುಕೊಂಡು ಹೋಗಲು ವೀಸಾ ಅರ್ಜಿ ಬರೆಯುವಾಗ 'ಮೈ ವೈಫ್ ಸರೋಜಾ ವಿಲ್ ಟ್ರಾವೆಲ್ ವಿತ್ ಮಿ' ಎಂದು ಒಂದೂ ಕಾಮಾ ಇಲ್ಲದೆ ಬರೆಯಿರಿ. ಉಳಿದ ಹೆಂಡತಿಯರು ಊರಲ್ಲೇ ಇರುತ್ತಾರೆ ಎಂದು ಅಧಿಕಾರಿಗೆ ಅರ್ಥವಾಗುತ್ತದೆ. ಒಂಟಿ ಹೆಸರಿನ ವಿಷಯದಲ್ಲಿ ಈಚೆಗೆ ಕೆಲವು ಸಂಪಾದಕರು ಸಡಿಲ ಬಿಡುತ್ತಾರೆ, ಕಾಮಾ ಇಲ್ಲದಿದ್ದರೂ ಏಕಪತ್ನೀವ್ರತಸ್ಥ ಎಂದೇ ನಂಬುತ್ತಾರೆ. ಸರೋಜಾ ಅವರೂ ಆ ಸಂಪಾದಕರ ಪೈಕಿ ಇರಲಿ ಎಂದು ಹಾರೈಸಿ.

ಅಣ್ಣತಮ್ಮಂದಿರ ವಿಷಯದಲ್ಲಿ ಇದನ್ನೇ ತಿರುಗಿಸಿ. ಮೂವರು ತಮ್ಮಂದಿರಿದ್ದು, ಒಬ್ಬ ಮಾತ್ರ ಪಾಲುಪತ್ರಕ್ಕೆ ಸಹಿ ಹಾಕಿದ್ದಾನೆ ಎನ್ನಿ. 'ಮೈ ಬ್ರದರ್, ರಾಜು, ಹ್ಯಾಸ್ ಸೈನ್ಡ್ ದಿ ಡೀಡ್.' ನೋಡಿ, ಎರಡು ಕಾಮಾ ಇಟ್ಟ ಮಾತ್ರಕ್ಕೆ ಉಳಿದಿಬ್ಬರು ಹುಟ್ಟಲೇ ಇಲ್ಲ. ನಾಡಕಚೇರಿಗೆ ಅಲೆದು ವಂಶವೃಕ್ಷದ ಪ್ರಮಾಣಪತ್ರ ತರುವವರು ತಮ್ಮಂದಿರ ಹೆಸರು ಬಿಡಿಸಲು ಎಷ್ಟೋ ಪಾಡು ಪಡುತ್ತಾರೆ. ಕಾಮಾಗೆ ಮುದ್ರಾಂಕ ಶುಲ್ಕವೂ ಇಲ್ಲ. ಮುಂದೆ ಆ ಇಬ್ಬರು ವಕೀಲರೊಂದಿಗೆ ಬಂದು ನಿಂತಾಗ, ವ್ಯಾಕರಣದ ಪ್ರಕಾರ ನೀವು ಯಾರು ಎಂದು ವಿನಯದಿಂದ ವಿಚಾರಿಸಿ.

ಜೋಡಿ ಕಾಮಾ ಹಾಕಬೇಕಾದಲ್ಲಿ ಒಂದನ್ನೇ ಹಾಕಿ ಇನ್ನೊಂದನ್ನು ಉಳಿಸುವುದು ಮುಂದಿನ ಹಂತ. ಮ್ಯಾನೇಜರ್ ಆಗಿರುವ ರಾವ್ ಅವರು ರಜೆಯಲ್ಲಿದ್ದಾರೆ ಎಂದು ಎಲ್ಲರಿಗೂ ತಿಳಿಸಬೇಕು. 'ಮಿಸ್ಟರ್ ರಾವ್, ದಿ ಮ್ಯಾನೇಜರ್ ಈಸ್ ಆನ್ ಲೀವ್.' 'ಮ್ಯಾನೇಜರ್' ಆದ ಮೇಲಿನ ಕಾಮಾವನ್ನು ಜೇಬಿಗೆ ಹಾಕಿಕೊಳ್ಳಿ. ಈಗ ಈ ಮಾತು ರಾವ್ ಅವರಿಗೇ ಹೇಳಿದ್ದಾಯಿತು: ರಾವ್ ಅವರೇ, ಮ್ಯಾನೇಜರ್ ರಜೆಯಲ್ಲಿದ್ದಾರೆ. ರಜೆ ಮುಗಿಸಿ ಬಂದ ರಾವ್ ಅವರು ಇದನ್ನು ಓದಿ, ತಮ್ಮ ಜಾಗಕ್ಕೆ ಬೇರೆ ಮ್ಯಾನೇಜರ್ ಬಂದಿದ್ದಾರೆ ಎಂದು ನೇರ ಎಚ್‌ಆರ್ ಕೋಣೆಗೆ ಹೋದರೆ, ಕಚೇರಿಯಲ್ಲಿ ಒಂದು ವಾರಕ್ಕೆ ಸಾಕಾಗುವಷ್ಟು ಚಟುವಟಿಕೆ ಇರುತ್ತದೆ.

ಜೋಡಿ ಕಾಮಾವನ್ನು ಎಲ್ಲಿ ಮುಗಿಸಬೇಕು ಎಂಬ ಪ್ರಶ್ನೆಯಲ್ಲಿ ದುಡ್ಡೂ ಇದೆ. ಕೆನಡಾದಲ್ಲಿ ರೋಜರ್ಸ್ ಎಂಬ ಕೇಬಲ್ ಕಂಪನಿ, ಅಲಿಯಾಂಟ್ ಎಂಬ ಟೆಲಿಫೋನ್ ಕಂಪನಿಯ ಜತೆ ಕಂಬಗಳ ಬಗ್ಗೆ ಕರಾರು ಮಾಡಿಕೊಂಡಿತು. ಕರಾರು ಐದು ವರ್ಷ ನಡೆಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ಮುಂದುವರಿಯುತ್ತದೆ, ಒಂದು ವರ್ಷದ ನೋಟಿಸ್ ಕೊಟ್ಟು ಮುರಿಯುವ ತನಕ. ಇದು ಇಂಗ್ಲಿಷ್ ವಾಕ್ಯದ ಹುರುಳು. ಮುಂದುವರಿಕೆಯ ಮಾತಿನ ಹಿಂದೊಂದು ಮುಂದೊಂದು ಕಾಮಾ ಇದ್ದವು. ಹಾಗಾಗಿ ಆ ಮಾತು ಕಂಸದೊಳಗೆ ಹೋಗಿ, ನೋಟಿಸಿನ ಷರತ್ತು ಮೊದಲ ಐದು ವರ್ಷಕ್ಕೂ ಅನ್ವಯಿಸಿತು ಎಂದು ಅಲ್ಲಿನ ದೂರಸಂಪರ್ಕ ಆಯೋಗ 2006ರಲ್ಲಿ ಹೇಳಿತು. ರೋಜರ್ಸ್‌ನವರು ಲಕ್ಷಗಟ್ಟಲೆ ಡಾಲರಿನ ಲೆಕ್ಕ ಹಾಕಿಕೊಂಡು ತಲೆ ಮೇಲೆ ಕೈ ಹೊತ್ತರು. 2007ರಲ್ಲಿ ಆಯೋಗವೇ ತೀರ್ಮಾನ ತಿರುಗಿಸಿತು, ಏಕೆಂದರೆ ಅದೇ ಕರಾರಿನ ಫ್ರೆಂಚ್ ಪ್ರತಿ ಗೊಂದಲವಿಲ್ಲದೆ ಇತ್ತು. ಇದರಿಂದ ಕಲಿಯಬೇಕಾದದ್ದು ಸ್ಪಷ್ಟ: ನಿಮ್ಮ ಬಾಡಿಗೆ ಕರಾರನ್ನು ಇಂಗ್ಲಿಷಿನಲ್ಲಿ ಮಾತ್ರ ಬರೆಸಿ. ಕನ್ನಡದ ಪ್ರತಿ ಜತೆಗಿಟ್ಟರೆ ಅರ್ಥವಾಗಿಬಿಡುವ ಅಪಾಯವಿದೆ.

ಈಗ 'ಹೂ' ಮತ್ತು 'ವಿಚ್' ಹೊತ್ತು ತರುವ ಉಪವಾಕ್ಯಗಳು. ಇಲ್ಲಿ ನಿಮ್ಮ ಮಾತೃಭಾಷೆ ನಿಮಗೆ ಭರ್ಜರಿ ಸಹಾಯ ಮಾಡುತ್ತದೆ. 'ಮೇಂಟೆನೆನ್ಸ್ ಕಟ್ಟದ ನಿವಾಸಿಗಳು' ಎಂದು ಕನ್ನಡದಲ್ಲಿ ಹೇಳಿದಾಗ, ಕಟ್ಟದವರು ಕೆಲವರೋ ಎಲ್ಲರೋ ಎಂಬುದನ್ನು ಕೇಳುವವರು ಸಂದರ್ಭ ನೋಡಿ ತಿಳಿಯುತ್ತಾರೆ; ಅಲ್ಲಿ ಕಾಮಾಗೆ ಜಾಗವೇ ಇಲ್ಲ. ಇಂಗ್ಲಿಷಿನಲ್ಲಿ ಅದನ್ನು ಕಾಮಾವೇ ಹೇಳಬೇಕು. ಕಾಮಾ ಇಲ್ಲದಿದ್ದರೆ ಕಟ್ಟದವರು ಮಾತ್ರ, ಇದ್ದರೆ ಸಕಲರೂ. ನೀವು ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಕಾರ್ಯದರ್ಶಿಯಾಗಿದ್ದು, ಆ ಹುದ್ದೆಯಿಂದ ಬೇಗ ಬಿಡುಗಡೆ ಬಯಸುವವರಾದರೆ ನೋಟಿಸ್ ಬೋರ್ಡಿಗೆ ಇದನ್ನು ಅಂಟಿಸಿ: 'ರೆಸಿಡೆಂಟ್ಸ್, ಹೂ ಹ್ಯಾವ್ ನಾಟ್ ಪೇಯ್ಡ್ ಮೇಂಟೆನೆನ್ಸ್, ವಿಲ್ ನಾಟ್ ಗೆಟ್ ವಾಟರ್.' ಉಸಿರಿನ ಲೆಕ್ಕದಲ್ಲಿ ಎರಡೂ ಕಾಮಾ ತಕ್ಕ ಜಾಗದಲ್ಲಿವೆ. ವ್ಯಾಕರಣದ ಲೆಕ್ಕದಲ್ಲಿ ಇಡೀ ಕಟ್ಟಡದಲ್ಲಿ ಒಬ್ಬರೂ ಹಣ ಕಟ್ಟಿಲ್ಲ, ಒಬ್ಬರಿಗೂ ನೀರಿಲ್ಲ. ಒಂದನೇ ತಾರೀಖಿಗೇ ಹಣ ಕಟ್ಟಿ ರಸೀದಿ ಫೈಲು ಮಾಡಿಟ್ಟ ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಇರುತ್ತಾರೆ. ಅವರು ಕೆಂಪು ಪೆನ್ನಿನೊಂದಿಗೆ ಇಳಿದು ಬರುವ ಮುಂಚೆ ಮನೆ ಸೇರಿಕೊಳ್ಳಿ.

ಕಚೇರಿಯಲ್ಲೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ. 'ಎಂಪ್ಲಾಯೀಸ್, ಹೂ ಕಮ್ ಲೇಟ್, ವಿಲ್ ಲೂಸ್ ಹಾಫ್ ಎ ಡೇಸ್ ಪೇ' ಎಂಬ ಸುತ್ತೋಲೆ ಹೊರಡಿಸಿ. ಸಮಯಕ್ಕೆ ಬರುತ್ತಿದ್ದವರು ಮರುದಿನದಿಂದ ತಡವಾಗಿ ಬರತೊಡಗಿದರೆ ಅವರನ್ನು ದೂರಬೇಡಿ, ಅವರು ಸುತ್ತೋಲೆಯನ್ನು ಸರಿಯಾಗಿ ಓದಿದ್ದಾರೆ.

ವಾಟ್ಸ್‌ಆಪ್‌ನಲ್ಲಿ ಮಾತ್ರ ಉಸಿರಿನ ನಿಯಮ ಬಿಡಿ. ಅಲ್ಲಿ ಹೆಬ್ಬೆರಳಿನ ನಿಯಮ: ಕಾಮಾ ಇನ್ನೊಂದು ಕೀಬೋರ್ಡಿನಲ್ಲಿದ್ದರೆ ಹಾಕಬೇಡಿ. ಗೆಳೆಯ ಮೂರ್ತಿ ಏನೋ ಕೇಳಿದಾಗ 'ಐ ಡೋಂಟ್ ನೋ ಮೂರ್ತಿ' ಎಂದು ಉತ್ತರಿಸಿ. ಕರೆಯುವ ಹೆಸರಿನ ಮುಂಚೆ ಕಾಮಾ ಇಲ್ಲದ ಕಾರಣ, ನಿಮಗೆ ಮೂರ್ತಿ ಯಾರೆಂದೇ ಗೊತ್ತಿಲ್ಲ ಎಂದು ಮೂರ್ತಿಗೇ ತಿಳಿಸಿದ್ದೀರಿ. ಸಾಲ ಕೊಟ್ಟವನು ಮೂರ್ತಿಯಾಗಿದ್ದರೆ ಈ ವಾಕ್ಯ ಹಾಗೇ ಇರಲಿ.

ಎರಡು ಪೂರ್ಣ ವಾಕ್ಯಗಳನ್ನು ಬರಿಯ ಕಾಮಾದಿಂದ ಹೊಲಿಯುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ನಿಮಗೆ ಅದು ರಕ್ತಗತ. ಬಂದು, ಕೈಕಾಲು ತೊಳೆದು, ಉಂಡು, ಮಲಗಿ ಎಂದು ಕನ್ನಡದಲ್ಲಿ ಸಾಲು ಸಾಲಾಗಿ ಪೋಣಿಸುತ್ತಾ ಬೆಳೆದವರು ನೀವು. 'ಐ ಆಮ್ ಸಫರಿಂಗ್ ಫ್ರಮ್ ಫೀವರ್, ಕೈಂಡ್ಲಿ ಗ್ರಾಂಟ್ ಮಿ ಲೀವ್, ಐ ವಿಲ್ ಕಮ್ ಆನ್ ಮಂಡೇ, ಥ್ಯಾಂಕಿಂಗ್ ಯು.' ಜ್ವರ, ವಿನಂತಿ, ವಾಗ್ದಾನ, ಕೃತಜ್ಞತೆ, ಎಲ್ಲ ಒಂದೇ ಉಸಿರಿಗೆ. ಇದನ್ನು ಕೆಡಿಸಲು ಹೋಗಬೇಡಿ.

ಪಟ್ಟಿ ಮಾಡುವಾಗ ಕೊನೆಯ 'ಅಂಡ್' ಮುಂಚೆ ಕಾಮಾ ಬೇಕೇ ಬೇಡವೇ ಎಂಬುದು ಇಂಗ್ಲಿಷ್ ಲೋಕದ ದೊಡ್ಡ ಜಗಳ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಬೇಕು ಎನ್ನುತ್ತದೆ, ಅದಕ್ಕೇ ಆ ಕಾಮಾಗೆ ಆಕ್ಸ್‌ಫರ್ಡ್ ಹೆಸರು. ಬಹುತೇಕ ಪತ್ರಿಕೆಗಳು ಬೇಡ ಎನ್ನುತ್ತವೆ. ನೀವು ಯಾವ ಪಕ್ಷಕ್ಕೂ ಸೇರಬೇಡಿ. ಹಾಕಿದರೆ ಅರ್ಥ ಕೆಡುವಲ್ಲಿ ಹಾಕಿ, ಬಿಟ್ಟರೆ ಕೆಡುವಲ್ಲಿ ಬಿಡಿ. ಪಿಎಚ್‌.ಡಿ. ಪ್ರಬಂಧದ ಕೃತಜ್ಞತೆಯ ಪುಟ ಇದಕ್ಕೆ ಹೇಳಿ ಮಾಡಿಸಿದ ಜಾಗ. 'ಐ ಥ್ಯಾಂಕ್ ಮೈ ಪೇರೆಂಟ್ಸ್, ದಿ ವೈಸ್ ಚಾನ್ಸಲರ್ ಅಂಡ್ ದಿ ಹಾಸ್ಟೆಲ್ ವಾರ್ಡನ್.' ಕಾಮಾ ಬಿಟ್ಟದ್ದರಿಂದ ಕುಲಪತಿಯವರೂ ವಾರ್ಡನ್ನರೂ ಸೇರಿ ನಿಮ್ಮ ತಂದೆತಾಯಿಯಾಗಿದ್ದಾರೆ. ಮೌಖಿಕ ಪರೀಕ್ಷೆಯ ದಿನ ಇದರ ಬಗ್ಗೆ ಯಾರೂ ಕೇಳುವುದಿಲ್ಲ, ಆ ಪುಟವನ್ನು ಓದುವವರು ನಿಜವಾದ ತಂದೆತಾಯಿ ಮಾತ್ರ.

ಈ ಕಾಮಾ ಬಿಡುವುದರಿಂದ ಬಡವರಿಗೂ ಉಪಕಾರವಾದದ್ದುಂಟು. ಅಮೆರಿಕದ ಮೇನ್ ರಾಜ್ಯದಲ್ಲಿ, ಬೇಗ ಕೆಡುವ ಆಹಾರಪದಾರ್ಥಗಳ ಯಾವ ಯಾವ ಕೆಲಸಕ್ಕೆ ಹೆಚ್ಚುವರಿ ದುಡಿಮೆಯ ಭತ್ಯೆ ಇಲ್ಲ ಎಂಬ ಪಟ್ಟಿ ಕಾನೂನಿನಲ್ಲಿತ್ತು. ಡಬ್ಬಿಗೆ ತುಂಬುವುದು, ಸಂಸ್ಕರಿಸುವುದು, ಒಣಗಿಸುವುದು ಎಂದು ಸಾಗಿ ಕೊನೆಗೆ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್' ಎಂದು ನಿಂತಿತ್ತು. 'ಆರ್' ಮುಂಚೆ ಕಾಮಾ ಇರಲಿಲ್ಲ. ಓಕ್‌ಹರ್ಸ್ಟ್ ಡೇರಿಯ ಚಾಲಕರು ಕೋರ್ಟಿಗೆ ಹೋದರು. ನಾವು ಹಾಲು ಹಂಚುತ್ತೇವೆ, ಹಂಚಲಿಕ್ಕಾಗಿ ಪ್ಯಾಕ್ ಮಾಡುವವರಲ್ಲ, ಆದ್ದರಿಂದ ನಮಗೆ ಭತ್ಯೆ ಕೊಡಿ ಎಂದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಮಾತಿಗೆ ತಲೆದೂಗಿತು. 2018ರಲ್ಲಿ ಡೇರಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಇದೇ ವಾಕ್ಯ ಕನ್ನಡದಲ್ಲಿದ್ದಿದ್ದರೆ 'ವಿತರಣೆ' ಎಂಬಲ್ಲಿ ಚತುರ್ಥಿ ಇದೆಯೋ ಇಲ್ಲವೋ ಎಂದು ನೋಡಿ ಜವಾನನೇ ತೀರ್ಪು ಕೊಡುತ್ತಿದ್ದ. ಸ್ವಾರಸ್ಯ ಇನ್ನೊಂದಿದೆ. ಮೇನ್ ರಾಜ್ಯದಲ್ಲಿ ಕಾನೂನು ಬರೆಯುವವರಿಗಾಗಿ ಅಧಿಕೃತ ಕೈಪಿಡಿಯಿತ್ತು, ಪಟ್ಟಿಯ ಕೊನೆಯಲ್ಲಿ ಆ ಕಾಮಾ ಹಾಕಬೇಡಿ ಎಂದು ಅದರಲ್ಲೇ ಹೇಳಿತ್ತು. ಕೈಪಿಡಿಗಳನ್ನು ನಂಬಿ ನಡೆಯುವುದರ ಫಲ ನಿಮಗೆ ಇಲ್ಲಿ ಮನವರಿಕೆಯಾಗಬೇಕು. ಆಮೇಲೆ ಅಲ್ಲಿನ ಶಾಸಕರು ಕಾಮಾಗಳ ಸಹವಾಸವೇ ಬೇಡವೆಂದು ಪಟ್ಟಿಯ ತುಂಬ ಸೆಮಿಕೋಲನ್ ಇಟ್ಟರು.

ಕಾನೂನಿನ ಕಾಮಾ ಎಲ್ಲ ಕಾಲಕ್ಕೂ ಇಷ್ಟು ಉದಾರಿಯಲ್ಲ. ಐರ್ಲೆಂಡಿನ ರೋಜರ್ ಕೇಸ್‌ಮೆಂಟ್ ಮೇಲೆ ಲಂಡನ್ನಿನಲ್ಲಿ ರಾಜದ್ರೋಹದ ವಿಚಾರಣೆ ನಡೆದಾಗ, 1351ರ ಕಾನೂನಿನ ಒಂದು ಮಾತು ದೇಶದ ಹೊರಗೆ ಮಾಡಿದ ಕೃತ್ಯಕ್ಕೂ ತಾಗುತ್ತದೆಯೇ ಎಂಬುದು ವಿರಾಮಚಿಹ್ನೆಯ ತನಕ ಹೋಯಿತು. ಮೂಲ ನಾರ್ಮನ್ ಫ್ರೆಂಚ್‌ನಲ್ಲಿತ್ತು. ಹಳೆಯ ಚರ್ಮದ ಸುರುಳಿಯಲ್ಲಿ ಗೆರೆ ಇದೆಯೇ ಎಂದು ನ್ಯಾಯಾಧೀಶರು ಹೋಗಿ ನೋಡಿ ಬಂದರು. 1916ರ ಆಗಸ್ಟ್ 3ರಂದು ಕೇಸ್‌ಮೆಂಟ್‌ನನ್ನು ಗಲ್ಲಿಗೇರಿಸಿದರು. ನಿಮ್ಮ ಅಭ್ಯಾಸವನ್ನು ರಜೆ ಅರ್ಜಿಯಿಂದಲೇ ಶುರುಮಾಡಿ ಎಂದು ಹೇಳುವುದು ಈ ಕಾರಣಕ್ಕೆ.

ನಮ್ಮ ದೇಶದಲ್ಲಿ ನಿಮಗೆ ಎರಡೂ ಕಡೆಯ ಅನುಕೂಲವಿದೆ. ವಿರಾಮಚಿಹ್ನೆ ಎಂಬುದು ಶಾಸನದ ಅರ್ಥ ಹೇಳುವಾಗ ಸಣ್ಣ ಅಂಶವಷ್ಟೇ ಎಂದು ಸುಪ್ರೀಂ ಕೋರ್ಟ್ 1952ರಲ್ಲಿ ಹೇಳಿದೆ. 1979ರಲ್ಲಿ ಅದೇ ಕೋರ್ಟ್ ಔಷಧ ಕಾಯ್ದೆಯ 27ನೇ ಕಲಮು ಓದುತ್ತಾ, 'ಸ್ಟಾಕ್ಸ್' ಎಂಬುದರ ನಂತರ ಕಾಮಾ ಇಲ್ಲದ್ದನ್ನು ಗಮನಿಸಿ, ಮಾರಾಟಕ್ಕಾಗಿ ದಾಸ್ತಾನು ಮಾಡಿದರೆ ಮಾತ್ರ ಅಪರಾಧ, ಸುಮ್ಮನೆ ಇಟ್ಟುಕೊಂಡಿದ್ದರೆ ಅಲ್ಲ ಎಂದಿತು. ಎರಡನ್ನೂ ಬರೆದಿಟ್ಟುಕೊಳ್ಳಿ. ಕಾಮಾ ನಿಮಗೆ ಅನುಕೂಲವಾಗಿದ್ದ ದಿನ 1979ನ್ನು ತೆಗೆಯಿರಿ, ಕೈಕೊಟ್ಟ ದಿನ 1952ನ್ನು.

ಇಷ್ಟೆಲ್ಲ ಗೊಂದಲವೇ ಬೇಡ ಎನ್ನುವವರು ನಮ್ಮ ಹಳೆಯ ಇಂಗ್ಲಿಷ್ ಕ್ರಯಪತ್ರಗಳ ದಾರಿ ಹಿಡಿಯಿರಿ. 'ವೇರ್‌ಆಸ್' ಎಂದು ಆರಂಭಿಸಿ, ಪೂರ್ವಕ್ಕೆ ರಸ್ತೆ ಪಶ್ಚಿಮಕ್ಕೆ ಚರಂಡಿ ಉತ್ತರಕ್ಕೆ ತೆಂಗಿನ ಮರ ದಕ್ಷಿಣಕ್ಕೆ ದಾಯಾದಿ ಎಂದು ಒಂದೂ ಕಾಮಾ ಇಲ್ಲದೆ ಎರಡು ಪುಟ ಓಡಿ. ಕಾಮಾ ಇದ್ದರೆ ತಾನೇ ಯಾರಾದರೂ ತಿದ್ದುವುದು, ಸೇರಿಸುವುದು? ಕೊಂಡವರು ಓದಿ ಮುಗಿಸುವಷ್ಟರಲ್ಲಿ ಉಪನೋಂದಣಾಧಿಕಾರಿ ಕಚೇರಿ ಊಟಕ್ಕೆ ಮುಚ್ಚುತ್ತದೆ.

ಅಂಕಿಗಳ ನಡುವೆಯೂ ಕಾಮಾ ಇರುತ್ತದೆ ಎಂಬುದನ್ನು ಬಹಳ ಜನ ಬಳಸಿಕೊಳ್ಳುವುದಿಲ್ಲ. ನಾವು 12,34,567 ಎಂದು ಬರೆಯುವುದನ್ನು ಅಮೆರಿಕದವರು 1,234,567 ಎಂದು ಬರೆಯುತ್ತಾರೆ. ಜರ್ಮನಿಯಲ್ಲಿ ಕಾಮಾ ದಶಾಂಶದ ಚುಕ್ಕೆಯ ಕೆಲಸ ಮಾಡುತ್ತದೆ. ಮ್ಯೂನಿಕ್‌ನ ಗಿರಾಕಿಗೆ ಬಿಲ್ ಕಳಿಸುವ ಕನ್ನಡಿಗರು 1,500 ಯೂರೋ ಎಂದು ಕಾಮಾ ಹಾಕಿ ಕಳಿಸಿ, ಒಂದೂವರೆ ಯೂರೋ ಬರುವುದನ್ನು ಕಾಯಿರಿ.

ಕಪಾಟಿನಲ್ಲಿ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಇರಲಿ. ತೆರೆಯಬೇಡಿ, ಬೆನ್ನು ಮಾತ್ರ ಕಾಣಲಿ. ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ದುಡಿದ ಪಿ. ಸಿ. ರೆನ್, ಸಹಾರಾ ಮರಳುಗಾಡಿಗೆ ಸೈನಿಕರಾಗಿ ಓಡಿಹೋಗುವವರ ಕಥೆಯಿರುವ 'ಬೋ ಜೆಸ್ಟ್' ಕಾದಂಬರಿಯನ್ನೂ 1924ರಲ್ಲಿ ಬರೆದ. ನಮ್ಮ ಮಕ್ಕಳ ಕಾಂಪೊಸಿಷನ್ ಓದಿದವನಿಗೆ ಮರಳುಗಾಡು ನೆನಪಾದದ್ದರಲ್ಲಿ ಆಶ್ಚರ್ಯವಿಲ್ಲ. ಕಂಪ್ಯೂಟರ್ ನಿಮ್ಮ ವಾಕ್ಯದ ಕೆಳಗೆ ನೀಲಿ ಗೆರೆ ಎಳೆದರೆ ಅದನ್ನು ಅಲಂಕಾರವೆಂದು ತಿಳಿಯಿರಿ.

ಕಡೆಯದಾಗಿ, ತಿದ್ದುವವರನ್ನು ನಿಭಾಯಿಸುವ ಬಗೆ. ಎದುರಿನವರು ಬ್ರಿಟಿಷ್ ಪದ್ಧತಿ ಹಿಡಿದು ಬಂದರೆ ನಿಮ್ಮದು ಅಮೆರಿಕನ್ ಎನ್ನಿ. ಅಮೆರಿಕದಿಂದ ಬಂದ ಸೊಸೆ ತಿದ್ದಿದರೆ ಬ್ರಿಟಿಷ್ ಎನ್ನಿ. ಎರಡೂ ಬಲ್ಲವರು ಸಿಕ್ಕಿಬಿದ್ದರೆ, ನಮ್ಮ ಕಂಪನಿಯ ಶೈಲಿಯೇ ಹೀಗೆ ಎಂದು ಮುಖ ಗಂಭೀರ ಮಾಡಿಕೊಳ್ಳಿ. ಮೇಲ್ ಕಳಿಸಿದ ನಂತರವೇ ಓದಿ ನೋಡಿ, ಮುಂಚೆ ನೋಡಿದರೆ ಅನುಮಾನ ಬರುತ್ತದೆ. ತಪ್ಪು ಕಂಡರೆ ಮೊಬೈಲಿನಿಂದ ಕಳಿಸಿದ್ದು ಎಂಬ ಸಾಲನ್ನು ಅಡಿಯಲ್ಲಿ ಕಾಯಂ ಆಗಿ ಸೇರಿಸಿ, ಕಂಪ್ಯೂಟರಿನಲ್ಲೂ ಸೇರಿಸಿ. ಆದರೂ ಒಬ್ಬರು ಪ್ರತಿ ಸಲ ಕಾಮಾ ಸರಿಪಡಿಸಿ ಎಲ್ಲರಿಗೂ ಕಾಣುವಂತೆ ವಾಪಸ್ ಕಳಿಸುತ್ತಿದ್ದರೆ, ಅವರಿಗೆ ವಂದನೆ ಹೇಳಿ, ಕಂಪನಿಯ ವಾರ್ಷಿಕ ವರದಿಯ ಕರಡು ತಿದ್ದುವ ಕೆಲಸವನ್ನು ಅವರ ಹೆಸರಿಗೆ ಶಿಫಾರಸು ಮಾಡಿ, ಮುಂದಿನ ಮೇಲ್‌ನ ಸಿಸಿಯಿಂದ ತೆಗೆದುಹಾಕಿ.